ಅಮೆರಿಕದಲ್ಲಿ ಯುದ್ಧಕ್ಕೆ ಹೂಂ ಅನ್ನಬೇಕಾದವರು ಯಾರು?

2025ರ ಜೂನ್ 22, ಭಾನುವಾರ. ನಾವು ಎದ್ದು ಕಾಫಿ ಕುಡಿಯುತ್ತಾ ಮೊಬೈಲ್ ನೋಡುವಷ್ಟರಲ್ಲಿ ಅಮೆರಿಕದ ಬಿ-2 ವಿಮಾನಗಳು ಇರಾನಿನ ಫೋರ್ಡೊ, ನತಾಂಜ್ ಅಣುಕೇಂದ್ರಗಳ ಮೇಲೆ ಬಾಂಬು ಹಾಕಿ ವಾಪಸ್ ಹೊರಟಿದ್ದವು. ಹಳೇ ಜಗಳ ಅವತ್ತೇ ಮತ್ತೆ ಶುರುವಾಯಿತು. ಅಧ್ಯಕ್ಷರು ಸಂಸತ್ತನ್ನು ಕೇಳಿದ್ದರಾ? ಕೇಳಬೇಕಿತ್ತಾ? ಐದು ದಿನದ ನಂತರ ಅಲ್ಲಿನ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ಒಂದು ನಿರ್ಣಯ ಮತಕ್ಕೆ ಬಂತು. ಇರಾನ್ ಜೊತೆ ಇನ್ನು ಮುಂದೆ ಕಾದಾಡುವುದಿದ್ದರೆ ಮೊದಲು ನಮ್ಮ ಒಪ್ಪಿಗೆ ಪಡೆಯಿರಿ ಅನ್ನುವುದು ಅದರ ಸಾರ. ಪರವಾಗಿ 47, ವಿರುದ್ಧ 53. ತನ್ನನ್ನು ಕೇಳಬೇಕು ಅನ್ನುವ ನಿರ್ಣಯವನ್ನು ಸೆನೆಟ್ ತಾನೇ ಬೀಳಿಸಿತು.

ವಿಚಿತ್ರ ಅನಿಸುತ್ತದೆ, ಅಲ್ವಾ? ಹಿಂದಿನ ಕತೆ ಗೊತ್ತಾದರೆ ಅಷ್ಟೇನೂ ವಿಚಿತ್ರ ಅನಿಸುವುದಿಲ್ಲ.

ಅಮೆರಿಕದ ಸಂವಿಧಾನದಲ್ಲಿ ಯುದ್ಧ ಘೋಷಿಸುವ ಅಧಿಕಾರ ಇರುವುದು ಕಾಂಗ್ರೆಸ್‌ಗೆ. (ನಮ್ಮ ಕಾಂಗ್ರೆಸ್ ಪಕ್ಷ ಅಲ್ಲ, ಅಲ್ಲಿನ ಸಂಸತ್ತಿನ ಹೆಸರೇ ಅದು.) ಸೇನೆಯ ದಂಡನಾಯಕ ಮಾತ್ರ ಅಧ್ಯಕ್ಷ. 1787ರ ಕರಡಿನಲ್ಲಿ ಯುದ್ಧ 'ಮಾಡುವ' ಅಧಿಕಾರ ಎಂದಿತ್ತು. ಅದನ್ನು ಯುದ್ಧ 'ಘೋಷಿಸುವ' ಎಂದು ತಿದ್ದಿದರು. ಯಾರಾದರೂ ದಿಢೀರ್ ಮೇಲೆ ಬಿದ್ದರೆ ತಡೆಯಲು ಅಧ್ಯಕ್ಷರ ಕೈ ಕಟ್ಟಿರಬಾರದು ಅನ್ನುವುದು ಕಾರಣ. ಆ ಸಣ್ಣ ಸಂದಿಯಲ್ಲೇ ಮುಂದಿನ ಗೋಜಲೆಲ್ಲ ನುಸುಳಿದ್ದು.

ಇಷ್ಟು ವರ್ಷಗಳಲ್ಲಿ ಕಾಂಗ್ರೆಸ್ ಶಾಸ್ತ್ರೋಕ್ತವಾಗಿ ಘೋಷಿಸಿದ್ದು ಐದೇ ಯುದ್ಧ. ಕೊನೆಯ ಘೋಷಣೆ 1942ರ ಜೂನ್‌ನಲ್ಲಿ, ಬಲ್ಗೇರಿಯಾ, ಹಂಗೇರಿ, ರುಮೇನಿಯಾಗಳ ವಿರುದ್ಧ. ಆಮೇಲೆ ಕೊರಿಯಾ, ವಿಯೆಟ್ನಾಂ, ಇರಾಕ್, ಅಫ್ಗಾನಿಸ್ತಾನ ಎಲ್ಲ ಆದವು, ಘೋಷಣೆ ಒಂದೂ ಇಲ್ಲ. 1950ರಲ್ಲಿ ಕೊರಿಯಾಕ್ಕೆ ಸೈನ್ಯ ಹೋದಾಗ ಪತ್ರಕರ್ತರೊಬ್ಬರು 'ಪೊಲೀಸ್ ಆಕ್ಷನ್ ಅನ್ನಬಹುದಾ' ಎಂದು ಕೇಳಿದರು, ಅಧ್ಯಕ್ಷ ಟ್ರೂಮನ್ ಹೌದು ಅಂದರು. ನಮ್ಮ ಬೀದರ್, ಕಲಬುರಗಿ ಕಡೆಯ ಹಿರಿಯರಿಗೆ ಈ ಪದ ಹೊಸದಲ್ಲ. 1948ರಲ್ಲಿ ಹೈದರಾಬಾದ್ ಸಂಸ್ಥಾನಕ್ಕೆ ಸೈನ್ಯ ನುಗ್ಗಿದಾಗಲೂ ಅದರ ಹೆಸರು 'ಪೊಲೀಸ್ ಆಕ್ಷನ್' ಅಂತಲೇ ಇತ್ತು. ಹೆಸರು ಸಣ್ಣದಿದ್ದರೆ ಕೇಳುವವರೂ ಕಡಿಮೆ.

ವಿಯೆಟ್ನಾಂನಲ್ಲಿ 58 ಸಾವಿರ ಅಮೆರಿಕನ್ ಸೈನಿಕರು ಸತ್ತ ಮೇಲೆ ಕಾಂಗ್ರೆಸ್ ಎಚ್ಚೆತ್ತಿತು. 1973ರಲ್ಲಿ ಯುದ್ಧಾಧಿಕಾರ ಕಾಯ್ದೆ ತಂದಿತು. ಅಧ್ಯಕ್ಷ ನಿಕ್ಸನ್ ವೀಟೋ ಮಾಡಿದರು, ಅಂದರೆ ಸಹಿ ಹಾಕದೆ ತಿರಸ್ಕರಿಸಿದರು. ಎರಡೂ ಸದನ ಮೂರನೇ ಎರಡರಷ್ಟು ಮತ ಹಾಕಿ ಅದನ್ನು ಮೀರಿದವು. ಕಾಯ್ದೆ ಹೇಳುವುದು ಇಷ್ಟು: ಸೈನ್ಯವನ್ನು ಕಾದಾಟಕ್ಕೆ ಇಳಿಸಿದರೆ 48 ಗಂಟೆಯೊಳಗೆ ಪತ್ರ ಬರೆದು ತಿಳಿಸಿ. 60 ದಿನದಲ್ಲಿ ಕಾಂಗ್ರೆಸ್ ಒಪ್ಪದಿದ್ದರೆ ಸೈನ್ಯವನ್ನು ಕರೆಸಿಕೊಳ್ಳಿ, ಅದಕ್ಕೆ ಬೇಕಿದ್ದರೆ ಇನ್ನೂ 30 ದಿನ.

ಕಾಯ್ದೆ ಚಾಪೆ ಕೆಳಗೆ ತೂರಿದರೆ ವಕೀಲರು ರಂಗೋಲಿ ಕೆಳಗೆ ತೂರಿದರು. ಆ 60 ದಿನದ ಲೆಕ್ಕ ಶುರುವಾಗುವುದು ಒಂದು ನಿರ್ದಿಷ್ಟ ಕಲಮಿನ ಅಡಿ ಪತ್ರ ಬರೆದರೆ. ಅಧ್ಯಕ್ಷರು ಪತ್ರವನ್ನೇನೋ ಬರೆಯುತ್ತಾರೆ. ಆದರೆ 'ಕಾಯ್ದೆಯ ಪ್ರಕಾರ' ಅನ್ನುವುದಿಲ್ಲ, 'ಕಾಯ್ದೆಗೆ ಹೊಂದುವಂತೆ' ಅನ್ನುತ್ತಾರೆ. ಆ ಕಲಮನ್ನೇ ಹೆಸರಿಸಿದ ಪತ್ರ 1975ರಲ್ಲಿ ಬಂತು, ಕಾಂಬೋಡಿಯಾ ಹಿಡಿದಿಟ್ಟ ಹಡಗೊಂದನ್ನು ಬಿಡಿಸಿಕೊಂಡಾಗ. ಪತ್ರ ತಲುಪುವ ಹೊತ್ತಿಗೆ ಆ ಕೆಲಸವೇ ಮುಗಿದಿತ್ತು. ಇನ್ನು 1983ರಲ್ಲಿ, ಯುದ್ಧಕ್ಕೆ ಸಂಬಂಧವೇ ಇಲ್ಲದ ವಲಸೆ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಅಧ್ಯಕ್ಷರ ಸಹಿಗೆ ಹೋಗದ ನಿರ್ಣಯಕ್ಕೆ ಕಾನೂನಿನ ಬಲ ಇಲ್ಲ ಅಂತ. ಅಲ್ಲಿಗೆ, ಅಧ್ಯಕ್ಷರನ್ನು ತಡೆಯಬೇಕಿದ್ದರೂ ಅವರದೇ ಸಹಿ ಬೇಕು, ಇಲ್ಲವೇ ಮೂರನೇ ಎರಡರಷ್ಟು ಮತ. 2019ರಲ್ಲಿ ಯೆಮೆನ್ ವಿಷಯದಲ್ಲಿ, 2020ರಲ್ಲಿ ಇರಾನ್ ವಿಷಯದಲ್ಲಿ ಎರಡೂ ಸದನ ಬೇಡ ಅಂದವು. ಎರಡಕ್ಕೂ ವೀಟೋ ಬಿತ್ತು, ಅಲ್ಲಿಗೆ ಮುಗಿಯಿತು.

ಆದರೆ ಇಡೀ ಕತೆಯ ತಿರುಳು ಇರುವುದು 2001ರ ಸೆಪ್ಟೆಂಬರ್ 14ರಲ್ಲಿ. ಅವಳಿ ಗೋಪುರ ಬಿದ್ದು ಮೂರೇ ದಿನ ಆಗಿತ್ತು. ಶ್ವೇತಭವನ ಕಳಿಸಿದ್ದ ಕರಡು ಇನ್ನೂ ಅಗಲವಾಗಿತ್ತು. ಮುಂದೆ ಆಗಬಹುದಾದ ಯಾವುದೇ ಭಯೋತ್ಪಾದನೆಯನ್ನು ಮೊದಲೇ ಹೊಸಕಿ ಹಾಕುವ ಅಧಿಕಾರ ಕೇಳಿತ್ತು. ಸಂಸದರು ಅದನ್ನು ಒಪ್ಪದೆ ಕತ್ತರಿಸಿದರು. ಉಳಿದದ್ದು ಇಂಗ್ಲಿಷಿನ 60 ಪದ, ಒಂದೇ ವಾಕ್ಯ. ಸೆಪ್ಟೆಂಬರ್ 11ರ ದಾಳಿಯನ್ನು ಯೋಜಿಸಿದವರು, ಮಾಡಿದವರು, ನೆರವಾದವರು, ಅಂಥವರಿಗೆ ಆಸರೆ ಕೊಟ್ಟವರು 'ಎಂದು ಅಧ್ಯಕ್ಷರು ನಿರ್ಧರಿಸುವ' ದೇಶ, ಸಂಘಟನೆ, ವ್ಯಕ್ತಿಗಳ ಮೇಲೆ ಬಲ ಬಳಸಬಹುದು. ಅಲ್ ಖೈದಾ ಹೆಸರು ಇಲ್ಲ. ಅಫ್ಗಾನಿಸ್ತಾನದ ಹೆಸರು ಇಲ್ಲ. ಇಂಥ ದಿನಕ್ಕೆ ಮುಗಿಯುತ್ತದೆ ಅಂತಲೂ ಇಲ್ಲ.

ಸೆನೆಟ್‌ನಲ್ಲಿ 98-0. ಕೆಳಮನೆಯಲ್ಲಿ 420-1. ಆ ಒಂದು ಮತ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್ ಕಡೆಯ ಬಾರ್ಬರಾ ಲೀ ಅವರದು. ಅವತ್ತು ಮಧ್ಯಾಹ್ನ ವಾಷಿಂಗ್ಟನ್ನಿನ ದೊಡ್ಡ ಚರ್ಚಿನಲ್ಲಿ ಸತ್ತವರಿಗಾಗಿ ಪ್ರಾರ್ಥನೆ ಇತ್ತು. ನಾವು ಯಾವ ಕೆಡುಕನ್ನು ಖಂಡಿಸುತ್ತೇವೋ ಅದೇ ನಾವಾಗದಿರಲಿ ಎಂದು ಅಲ್ಲಿ ಪಾದ್ರಿಯೊಬ್ಬರು ಬೇಡಿಕೊಂಡರು. ಲೀ ಸದನಕ್ಕೆ ಬಂದು ಅದೇ ಮಾತನ್ನು ನಡುಗುವ ದನಿಯಲ್ಲಿ ಹೇಳಿದರು. ಆಮೇಲೆ ಬಂದದ್ದು ಬೈಗುಳದ ಫೋನುಗಳು, ಕೊಲೆ ಬೆದರಿಕೆ. ಸುತ್ತ ಪೊಲೀಸ್ ಕಾವಲು ಹಾಕಬೇಕಾಯಿತು. ಇದೇ ಲೀ 2025ರಲ್ಲಿ ಓಕ್‌ಲ್ಯಾಂಡಿನ ಮೇಯರ್ ಆದರು. ಆ 60 ಪದ ಆಗಲೂ ಕಾನೂನಾಗಿಯೇ ಇತ್ತು.

ಅಷ್ಟರಲ್ಲಿ ಆ ಪದಗಳು ಊರೂರು ಸುತ್ತಿದ್ದವು. ಯೆಮೆನ್, ಸೊಮಾಲಿಯಾ, ಲಿಬಿಯಾ, ಸಿರಿಯಾ. 'ಸಹವರ್ತಿ ಪಡೆಗಳು' (ಅಲ್ ಖೈದಾ ಜೊತೆ ಕೈಜೋಡಿಸಿದವರು) ಅನ್ನುವ ಮಾತು ಆ ವಾಕ್ಯದಲ್ಲಿ ಇಲ್ಲವೇ ಇಲ್ಲ, ಸರ್ಕಾರದ ವಕೀಲರು ಓದಿ ಓದಿ ಅದರೊಳಗೆ ಕಂಡುಕೊಂಡದ್ದು. 2014ರಲ್ಲಿ ಐಸಿಸ್ ಮೇಲೆ ಬಾಂಬು ಹಾಕಲೂ ಇದೇ ವಾಕ್ಯ ಸಾಕಾಯಿತು. ಅದೇ ವರ್ಷ ಫೆಬ್ರವರಿಯಲ್ಲಿ ಅಲ್ ಖೈದಾ ಐಸಿಸ್ ಜೊತೆ ಸಂಬಂಧವನ್ನೇ ಕಡಿದುಕೊಂಡಿತ್ತು. ಇದು ಕಾನೂನುಬದ್ಧ ಯುದ್ಧ ಹೌದೋ ಅಲ್ಲವೋ ಹೇಳಿ ಎಂದು 2016ರಲ್ಲಿ ಸೇನೆಯ ಕ್ಯಾಪ್ಟನ್ ಒಬ್ಬರು ಕೋರ್ಟಿಗೆ ಹೋದರು. ಇದು ನಾವು ತೀರ್ಮಾನಿಸುವ ವಿಷಯ ಅಲ್ಲ ಎಂದು ಕೋರ್ಟ್ ವಾಪಸ್ ಕಳಿಸಿತು. 2017ರ ಅಕ್ಟೋಬರ್‌ನಲ್ಲಿ ಆಫ್ರಿಕಾದ ನೈಜರ್‌ನಲ್ಲಿ ನಾಲ್ವರು ಅಮೆರಿಕನ್ ಸೈನಿಕರು ಸತ್ತಾಗ, ಅಲ್ಲಿ ನಮ್ಮವರು ಅಷ್ಟು ಜನ ಇದ್ದಾರೆ ಅಂತಲೇ ಗೊತ್ತಿರಲಿಲ್ಲ ಎಂದು ಸೆನೆಟರ್‌ಗಳೇ ಹೇಳಿದರು.

ಗೊತ್ತಾಗದೆ ಇರುವುದರಲ್ಲಿ ಒಂದು ಅನುಕೂಲವೂ ಇದೆ ಅನ್ನಿ. ಹೂಂ ಅಂದು ಯುದ್ಧ ಕೆಟ್ಟರೆ ಮುಂದಿನ ಚುನಾವಣೆಯಲ್ಲಿ ಉತ್ತರ ಹೇಳಬೇಕು. ಉಹೂಂ ಅಂದ ಮೇಲೆ ಎಲ್ಲಾದರೂ ಬಾಂಬು ಸಿಡಿದರೆ ಅದಕ್ಕೂ ಉತ್ತರ ಹೇಳಬೇಕು. ಮತವೇ ಬರದಿದ್ದರೆ ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಎರಡೂ ಪಕ್ಷದ ಅಧ್ಯಕ್ಷರು ಬಂದು ಹೋದರು, ಈ ಲೆಕ್ಕಾಚಾರ ಮಾತ್ರ ಬದಲಾಗಲಿಲ್ಲ.

2011ರಲ್ಲಿ ಲಿಬಿಯಾ ಮೇಲಿನ ದಾಳಿ 60 ದಿನ ದಾಟಿತು. ಆಗ ಒಬಾಮ ಸರ್ಕಾರ ಹೊಸದೊಂದು ವಾದ ತಂದಿತು. ನಮ್ಮ ಸೈನಿಕರು ನೆಲಕ್ಕೆ ಇಳಿದಿಲ್ಲ, ಅವರ ಜೀವಕ್ಕೆ ಹೇಳಿಕೊಳ್ಳುವಂಥ ಅಪಾಯ ಇಲ್ಲ, ಹಾಗಾಗಿ ಇದು ಕಾಯ್ದೆ ಹೇಳುವ 'ಕಾದಾಟ' ಅಲ್ಲ ಅಂತ. ಕಾಂಗ್ರೆಸ್‌ನಲ್ಲಿ ಜಾಸ್ತಿ ಗೊಣಗಿದವರು ವಿರೋಧ ಪಕ್ಷದವರು. 2025ರ ಸೆಪ್ಟೆಂಬರ್‌ನಿಂದ ಟ್ರಂಪ್ ಸರ್ಕಾರ ಕೆರಿಬಿಯನ್ ಸಮುದ್ರದಲ್ಲಿ, ಡ್ರಗ್ಸ್ ಸಾಗಿಸುತ್ತಿವೆ ಎಂದು ದೋಣಿಗಳನ್ನು ಉಡಾಯಿಸತೊಡಗಿತು. ನವೆಂಬರ್ ಹೊತ್ತಿಗೆ 60 ದಿನ ತುಂಬಿತು. ಸರ್ಕಾರದ ವಕೀಲರ ಉತ್ತರ ಸಿದ್ಧವಿತ್ತು. ಆ ದೋಣಿಗಳಲ್ಲಿ ಇರುವವರು ನಮ್ಮ ಸೈನಿಕರಿಗೆ ಏನೂ ಮಾಡಲಾರರು, ಆದ್ದರಿಂದ ಇದು ಕಾದಾಟವೇ ಅಲ್ಲ.