ಆ ಪದ ಹೇಳಿದ್ದು ಯಾರು?

"ಮೇಡಂ, ಲಿಸ್ಟಲ್ಲಿರೋ ಪದ ಎಲ್ಲಾ ಬಾಯಿಪಾಠ ಆಗಿದೆ. ಆದ್ರೂ ಮಗನಿಗೆ ಮಾರ್ಕ್ಸ್ ಯಾಕೆ ಕಡಿಮೆ?" ಪ್ರತಿ ವರ್ಷ ಈ ಫೋನ್ ಬಂದೇ ಬರುತ್ತದೆ.

ನಾನು ನ್ಯೂಜೆರ್ಸಿಯಲ್ಲಿ ಆರನೇ ತರಗತಿಗೆ ಇಂಗ್ಲಿಷ್ ಕಲಿಸುತ್ತೇನೆ. ಈ ರಾಜ್ಯದ ಶಾಲೆಗಳಲ್ಲಿ ಹೋಲೊಕಾಸ್ಟ್ ಪಾಠವನ್ನು, ಅಂದರೆ ಹಿಟ್ಲರನ ನಾಜಿಗಳು ಯುರೋಪಿನ ಯಹೂದಿಗಳನ್ನು ಸಾಮೂಹಿಕವಾಗಿ ಕೊಂದ ಇತಿಹಾಸವನ್ನು, 1994ರಲ್ಲೇ ಕಡ್ಡಾಯ ಮಾಡಿದ್ದಾರೆ. ಅದಕ್ಕೆ ನಾನು ಓದಿಸುವುದು ಲೋಯಿಸ್ ಲೌರಿ ಅವರ 'ನಂಬರ್ ದ ಸ್ಟಾರ್ಸ್'. ಜರ್ಮನ್ನರು ಆಕ್ರಮಿಸಿದ್ದ ಡೆನ್ಮಾರ್ಕ್‌ನ ರಾಜಧಾನಿ, 1943ರ ಕೋಪನ್‌ಹೇಗನ್, ಹತ್ತು ವರ್ಷದ ಆನ್‌ಮರೀ, ಅವಳ ಯಹೂದಿ ಗೆಳತಿ ಎಲೆನ್. ಉಳಿದದ್ದನ್ನು ಪುಸ್ತಕದಲ್ಲೇ ಓದಿ.

ದಿನವಿಡೀ ಆಫೀಸಲ್ಲಿ ದುಡಿದು ಬಂದು, ರಾತ್ರಿ ಮಕ್ಕಳ ಜೊತೆ ಕೂತು ಫ್ಲ್ಯಾಶ್‌ಕಾರ್ಡ್ ಬರೆಯುವ ನಮ್ಮ ಕನ್ನಡದ ಅಪ್ಪ ಅಮ್ಮಂದಿರನ್ನು ಕಂಡರೆ ನನಗೆ ಪ್ರೀತಿ. ಆದರೆ ಒಂದು ಕಾರ್ಡ್ ನೋಡಿದಾಗಲೆಲ್ಲ ತಾಳ್ಮೆ ಹೋಗುತ್ತದೆ. 'ರಿಲೊಕೇಶನ್: ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಹೋಗುವುದು.'

ಡಿಕ್ಷನರಿ ಪ್ರಕಾರ ಸರಿಯೇ. ಇಲ್ಲಿನ ನಮ್ಮ ಮಕ್ಕಳಿಗೆ ಆ ಪದ ಚೆನ್ನಾಗಿ ಗೊತ್ತು. ಅಪ್ಪನ ಕೆಲಸ ಬದಲಾದರೆ ಮನೆ ಡಲ್ಲಾಸ್‌ಗೆ ರಿಲೊಕೇಟ್ ಆಗುತ್ತದೆ, ಕಂಪನಿಯವರೇ ಸಾಮಾನು ಸಾಗಿಸುತ್ತಾರೆ. ಹಾಗಾಗಿಯೇ ಒಬ್ಬ ಹುಡುಗ ಉತ್ತರ ಬರೆದಿದ್ದ: 'ಎಲೆನ್ ಮನೆಯವರು ಬೇರೆ ಊರಿಗೆ ಶಿಫ್ಟ್ ಆಗಬೇಕಿತ್ತು.' ಜಾಣ ಹುಡುಗ. ಕಾರ್ಡಲ್ಲಿದ್ದದ್ದನ್ನೇ ನಂಬಿದ್ದ.

ಈಗ ಪುಸ್ತಕ ನೋಡಿ. ಆ ಪದವನ್ನು ಮಗಳಿಗೆ ಹೇಳುವುದು ಆನ್‌ಮರೀಯ ಅಪ್ಪ, ಆದರೆ ಅದು ಅವನ ಪದವಲ್ಲ. ಜರ್ಮನ್ನರು ಇದನ್ನು ಹಾಗೆ ಕರೆಯುತ್ತಾರೆ, ಅದರ ಅರ್ಥವೇ ನಮಗೆ ಗೊತ್ತಿಲ್ಲ ಅನ್ನುತ್ತಾನೆ. ಅಂದರೆ ಅದು ಹಿಡಿದುಕೊಂಡು ಹೋಗುವವರ ಪದ. ಅಪಾಯ ಕಾಣಬಾರದು ಅಂತಲೇ ಆರಿಸಿದ ಪದ. ನಾಜಿಗಳ ಕಡತಗಳ ತುಂಬ ಇಂಥವೇ. 1942ರ ಜನವರಿ 20ರಂದು ಬರ್ಲಿನ್‌ನ ವಾನ್‌ಸೇಯಲ್ಲಿ ಅಧಿಕಾರಿಗಳು ಸಭೆ ಸೇರಿದರು. ಯುರೋಪಿನ ಯಹೂದಿಗಳನ್ನೆಲ್ಲ ಮುಗಿಸುವ ಯೋಜನೆಯ ಮಾತು ಅದು. ನಡಾವಳಿಯಲ್ಲಿ ಬರೆದದ್ದು 'ಪೂರ್ವಕ್ಕೆ ತೆರವು' ಅಂತ. 1943ರಲ್ಲಿ ಡೆನ್ಮಾರ್ಕ್‌ನ ಯಹೂದಿಗಳನ್ನು ಬಂಧಿಸುತ್ತಾರೆ ಅನ್ನುವ ಸುದ್ದಿ ಮೊದಲೇ ಸೋರಿತು. ಏಳು ಸಾವಿರಕ್ಕೂ ಹೆಚ್ಚು ಯಹೂದಿಗಳು ದೋಣಿ ಹತ್ತಿ ಸ್ವೀಡನ್ ಸೇರಿದರು. ಸಿಕ್ಕಿಬಿದ್ದ ಸುಮಾರು 470 ಜನ ನಾಜಿಗಳ ಥೆರೆಸಿಯನ್‌ಸ್ಟಾಟ್ ಬಂಧನ ಶಿಬಿರಕ್ಕೆ ಹೋದರು. 'ರಿಲೊಕೇಶನ್' ಅಂದರೆ ಇದು.

ಹಾಗಾಗಿ ಕಾರ್ಡಿನ ಹಿಂದೆ ಅರ್ಥ ಬರೆದು ನಿಲ್ಲಿಸಬೇಡಿ. ಯಾರ ಪದ, ಯಾರಿಗೆ ಹೇಳಿದ್ದು, ಏನನ್ನು ಮುಚ್ಚಿಡುತ್ತಿದೆ? ಇಷ್ಟೂ ಬರೆಸಿ. ಪಟ್ಟಿಯೇ ಬೇಡ ಅಂತ ನಾನು ಹೇಳುತ್ತಿಲ್ಲ. ಹೊಸದಾಗಿ ಇಲ್ಲಿಗೆ ಬಂದ ಮಗುವಿಗೆ ಅದು ಬೇಕೇ ಬೇಕು. ಬೇರೆ ಟೀಚರ್‌ಗಳು ಮಾರ್ಕ್ಸ್ ಕೊಡುವ ರೀತಿಯೂ ಬೇರೆ ಇರಬಹುದು.

ಸಂಕೇತದ ಪ್ರಶ್ನೆಗೂ ಇದೇ ಗತಿ. 'ನಕ್ಷತ್ರ = ಭರವಸೆ' ಅಂತ ಬರೆದು ಮುಂದೆ ಹೋಗುತ್ತಾರೆ. ಐದನೇ ಅಧ್ಯಾಯದಲ್ಲಿ, ಎಲೆನ್ ಅಡಗಿರುವ ಆನ್‌ಮರೀಯ ಮನೆಗೆ ರಾತ್ರಿ ಜರ್ಮನ್ ಸೈನಿಕರು ನುಗ್ಗುತ್ತಾರೆ. ಎಲೆನ್ ಕೊರಳಲ್ಲಿ ಯಹೂದಿಗಳ ಗುರುತಾದ ದಾವೀದನ ನಕ್ಷತ್ರದ ಸರ. ಕೊಂಡಿ ಬಿಚ್ಚಲು ಆಗುತ್ತಿಲ್ಲ. ಆನ್‌ಮರೀ ಅದನ್ನು ಕಿತ್ತು ಮುಷ್ಟಿಯಲ್ಲಿ ಮುಚ್ಚಿಕೊಳ್ಳುತ್ತಾಳೆ. ಅವರು ಹೋದ ಮೇಲೆ ನೋಡಿದರೆ ಅಂಗೈಯಲ್ಲಿ ನಕ್ಷತ್ರದ ಅಚ್ಚು. ಇದನ್ನು ಓದಿದ ಮೇಲೂ 'ಭರವಸೆ' ಒಂದೇ ಸಾಕಾ?

ಈ ಪಾಠದ ದಿನ ನಾನು ಮಕ್ಕಳ ಕೈಗೆ ಒಂದೊಂದು ಬೀಗದ ಕೈ ಕೊಡುತ್ತೇನೆ. ಗಟ್ಟಿಯಾಗಿ ಹಿಡಿದಿರಿ, ನಾನು ಓದಿ ಮುಗಿಸುವ ತನಕ ಬಿಡಬೇಡಿ ಅನ್ನುತ್ತೇನೆ. ಈ ಸಲ ಅದೇ ಹುಡುಗ ಅಂಗೈ ಬಿಚ್ಚಿ ಬಹಳ ಹೊತ್ತು ನೋಡಿದ. "ಮಿಸ್, ನೋಯ್ತಿದ್ರೂ ಅವಳು ಬಿಡೋ ಹಾಗಿರ್ಲಿಲ್ಲ ಅಲ್ವಾ?" ಅಂದ. ಆಮೇಲೆ ತನ್ನ ಹಾಳೆ ವಾಪಸ್ ಕೇಳಿದ. 'ಶಿಫ್ಟ್' ಅನ್ನೋದನ್ನು ಹೊಡೆದು ಹಾಕಿ, ಪಕ್ಕದಲ್ಲಿ ಹೊಸದಾಗಿ ಬರೆಯತೊಡಗಿದ.