ಮೊಟ್ಟೆ, ಬೀಜ ಮತ್ತು ಪುಟ್ಟ ಇಲಿ

ಮೆಕ್ಸಿಕೊದ ಅಂಗಡಿಗಳಲ್ಲಿ ಕೋಳಿಮೊಟ್ಟೆಯನ್ನು ‘ಬ್ಲಾಂಕಿಯೊ’, ಅಂದರೆ ‘ಬಿಳಿಯ ಪುಟ್ಟದ್ದು’, ಎಂದು ಕೇಳುವವರಿದ್ದಾರೆ. ಮೊಟ್ಟೆಗೆ ಸ್ಪ್ಯಾನಿಷ್‌ನಲ್ಲಿ ‘ಉಎವೊ’ ಎಂಬ ನೇರ ಪದವಿದ್ದರೂ ಆಡುಮಾತಿನಲ್ಲಿ ಅದು ವೃಷಣಕ್ಕೂ ಸಲ್ಲುವುದರಿಂದ, ‘ಮೊಟ್ಟೆ ಇದೆಯೇ’ ಎಂದು ಅಂಗಡಿಯವನನ್ನು ಕೇಳಲು ಸಂಕೋಚ.

ಜರ್ಮನ್, ರಷ್ಯನ್, ಅರಬ್ಬಿ ಭಾಷೆಗಳ ಆಡುಮಾತಿನಲ್ಲಿಯೂ ಹೆಸರು ಮೊಟ್ಟೆಯದೇ. ಸುಮಾರು 4–5 ಸೆಂಟಿಮೀಟರ್ ಉದ್ದದ, ನುಣುಪಾದ, ಜೋಡಿಯಾಗಿರುವ ಅಂಡಾಕಾರದ ಅಂಗವನ್ನು ಕಂಡವರಿಗೆ ಈ ಹೋಲಿಕೆ ಹೊಳೆಯಲು ನೆರೆಯವರಿಂದ ಎರವಲು ಬೇಕಿಲ್ಲ. ಪೋರ್ಚುಗೀಸರು ಟೊಮೆಟೊ ಎನ್ನುತ್ತಾರೆ, ಹಂಗೇರಿಯವರು ಉದಾರವಾಗಿ ಕುಂಬಳಕಾಯಿ ಎನ್ನುತ್ತಾರೆ, ಜಪಾನೀಯರಿಗೆ ಅದು ಚಿನ್ನದ ಗುಂಡು. ಕನ್ನಡದ ರೈತನಾದರೋ ಹೋರಿಯ ‘ಬೀಜ’ ಒಡೆಸುವ ಮಾತಾಡುತ್ತಾನೆ. ಇಲ್ಲಿ ಹೆಸರು ಹುಟ್ಟಿರುವುದು ಆಕಾರದಿಂದಲ್ಲ, ಸಂತಾನವನ್ನು ಮೊಳೆಸುವ ಕೆಲಸದಿಂದ. ಸ್ಪ್ಯಾನಿಷರು ಧೈರ್ಯವನ್ನೂ ಇದೇ ಅಂಗದಲ್ಲಿ ಇಟ್ಟರೆ, ನಾವು ಅದನ್ನು ಗುಂಡಿಗೆಯಲ್ಲಿಟ್ಟು ಮರ್ಯಾದೆ ಉಳಿಸಿಕೊಂಡಿದ್ದೇವೆ.

ಸಂಸ್ಕೃತದ ‘ಮುಷ್ಕ’ ಎಲ್ಲಕ್ಕಿಂತ ಸ್ವಾರಸ್ಯದ್ದು. ‘ಪುಟ್ಟ ಇಲಿ’ ಎಂಬುದು ಅದರ ಮೂಲಾರ್ಥ. ಚರ್ಮದಡಿ ಸರಿದಾಡುವ ಸ್ನಾಯುವಿಗೆ ಲ್ಯಾಟಿನ್ನರು ಇಟ್ಟ ‘ಮುಸ್ಕುಲುಸ್’ ಎಂಬ ಹೆಸರೂ ಅದೇ ಇಲಿಮರಿಯೇ. ಗಂಡು ಕಸ್ತೂರಿಮೃಗದ ಹೊಟ್ಟೆಯಡಿಯ ಗಂಧದ ಚೀಲ ವೃಷಣವಲ್ಲದಿದ್ದರೂ ನೋಡಲು ಹಾಗೆಯೇ ಇರುವುದರಿಂದ, ಮುಷ್ಕವೇ ಪಾರಸಿಯ ‘ಮುಶ್ಕ್’ ಆಗಿ, ಮುಂದೆ ಇಂಗ್ಲಿಷಿನ ‘ಮಸ್ಕ್’ ಆಯಿತೆಂದು ಭಾಷಾಶಾಸ್ತ್ರಜ್ಞರು ವಿವರಿಸುತ್ತಾರೆ. ಆರ್ಕಿಡ್ ಹೂವಿನ ಕಥೆಯೂ ಇಂಥದೇ: ಅದರ ಬುಡದ ಜೋಡಿ ಗೆಡ್ಡೆಗಳನ್ನು ಕಂಡ ಗ್ರೀಕರು ಗಿಡಕ್ಕೆ ‘ಓರ್ಖಿಸ್’, ಅಂದರೆ ವೃಷಣ, ಎಂದೇ ಹೆಸರಿಟ್ಟರು. ಪುಷ್ಪಗುಚ್ಛ ಕೊಡುವವರು ಇದನ್ನು ತಿಳಿಯದಿರುವುದೇ ಲೇಸು.

ಆದರೆ ನಿಜವಾದ ಅಂಡ ಹೆಣ್ಣಿನದಲ್ಲವೇ? ಪ್ರಾಚೀನ ವೈದ್ಯ ಗ್ಯಾಲೆನ್‌ನ ಕಾಲದಿಂದ 17ನೆಯ ಶತಮಾನದವರೆಗೂ ಯುರೋಪಿನ ವೈದ್ಯರು ಹೆಣ್ಣಿನ ಅಂಡಾಶಯಗಳನ್ನು ‘ಸ್ತ್ರೀ ವೃಷಣ’ ಎಂದೇ ಕರೆಯುತ್ತಿದ್ದರು. ಅವು ಅಂಡವನ್ನು ಉತ್ಪಾದಿಸುತ್ತವೆಂದು 1672ರಲ್ಲಿ ಡಚ್ ವೈದ್ಯ ರೆನಿಯರ್ ಡಿ ಗ್ರಾಫ್ ವಿಸ್ತಾರವಾಗಿ ವಾದಿಸಿದನಾದರೂ, ಅವನು ಅಂಡವೆಂದು ತಿಳಿದದ್ದು ಅದನ್ನು ಹೊತ್ತ ಕೋಶಚೀಲವನ್ನು. ಸಸ್ತನಿಯ ನಿಜವಾದ ಅಂಡಾಣು ನಾಯಿಯೊಂದರ ದೇಹದಲ್ಲಿ ಕಾರ್ಲ್ ಅರ್ನ್ಸ್ಟ್ ಫಾನ್ ಬೇರ್‌ನ ಕಣ್ಣಿಗೆ ಬಿದ್ದದ್ದು 1827ರಲ್ಲಿ. ಹೀಗಾಗಿ ನಮ್ಮ ಜೀವಶಾಸ್ತ್ರ ಪಠ್ಯದ ‘ಅಂಡಾಶಯ’ ಹೆಣ್ಣಿನದು, ಆಯುರ್ವೇದದ ‘ಅಂಡವೃದ್ಧಿ’, ಅಂದರೆ ವೃಷಣದ ಊತ, ಮಾತ್ರ ಈಗಲೂ ಗಂಡಸಿನ ಕಾಯಿಲೆ.