ಒಬ್ಬರಿಗೆ ಒಂದೇ ಮತ: ಕಣಗಿನಹಾಳದ ಸೊಸೈಟಿ ಮತ್ತು ಗಣಿತದ ಲೆಕ್ಕ

ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕಟ್ಟಿದ ಕೃಷಿ ಪತ್ತಿನ ಸಹಕಾರ ಸಂಘವು ದೇಶದಲ್ಲೇ ಮೊದಲನೆಯದೆಂಬುದು ಈ ಭಾಗದವರಿಗೆಲ್ಲ ಗೊತ್ತು. ಅದರ ಹಿಂದಿದ್ದ ನಿಯಮಗಳ ಮಾತು ಮಾತ್ರ ಅಪರೂಪ. 1904ರ ಸಹಕಾರ ಪತ್ತಿನ ಸಂಘಗಳ ಕಾಯ್ದೆಯ ಪ್ರಕಾರ ಗ್ರಾಮೀಣ ಸಂಘಗಳ ಹೊಣೆಗಾರಿಕೆ ಸಾಮಾನ್ಯವಾಗಿ ಅಪರಿಮಿತವಾಗಿತ್ತು. ಸಂಘದಿಂದ ತೀರದ ಸಾಲಕ್ಕೆ ಸದಸ್ಯರೆಲ್ಲರ ಆಸ್ತಿಯೂ ಈಡಾಗುತ್ತಿತ್ತು. ಎತ್ತು ಕೊಳ್ಳುತ್ತೇನೆಂದು ಸಾಲ ಎತ್ತಿದವನು ಆ ಹಣವನ್ನು ಮಗಳ ಮದುವೆಗೆ ಸುರಿದರೆ ನಿದ್ದೆ ಕೆಡುತ್ತಿದ್ದುದು ಪಕ್ಕದ ಹೊಲದವನಿಗೆ. ಇಂಥ ಸಂಘದಲ್ಲಿ ಹತ್ತು ಎಕರೆಯವನಿಗೂ ನೂರು ಎಕರೆಯವನಿಗೂ ಇದ್ದುದು ಒಂದೊಂದೇ ಮತ.

ಈ ಎರಡು ನಿಯಮಗಳಲ್ಲಿ ಮತದ ಲೆಕ್ಕವೇ ಹಳೆಯದು. ಫ್ರಾನ್ಸಿನ ಗಣಿತಜ್ಞ ಕೊಂಡೋರ್ಸೆ 1785ರಲ್ಲಿ ಅದನ್ನು ಗಣಿತಕ್ಕೆ ತಂದ. ಪ್ರತಿಯೊಬ್ಬನೂ ಸ್ವಂತ ಬುದ್ಧಿಯಿಂದ ನೂರಕ್ಕೆ ಅರವತ್ತು ಸಲ ಸರಿಯಾಗಿ ತೀರ್ಮಾನಿಸುವವನಾದರೆ, ಅಂಥ ಮೂವರ ಬಹುಮತ ಸುಮಾರು 65 ಸಲ ಸರಿಯಾಗುತ್ತದೆ. ನೂರೊಂದು ಜನ ಸೇರಿದರೆ 97ಕ್ಕೂ ಹೆಚ್ಚು ಸಲ. ಆದರೆ 'ಸ್ವಂತ ಬುದ್ಧಿ' ಎಂಬ ಷರತ್ತು ಇಲ್ಲಿ ಬಹಳ ದೊಡ್ಡದು. ವಾರ್ಷಿಕ ಮಹಾಸಭೆಯಲ್ಲಿ ಗೌಡರ ಮುಖ ನೋಡಿ ನೂರು ಜನ ಕೈ ಎತ್ತಿದರೆ, ಲೆಕ್ಕದ ಪ್ರಕಾರ ಅಲ್ಲಿ ಬಿದ್ದದ್ದು ಒಂದೇ ಮತ. ಸಭೆಯ ನಡಾವಳಿ ಪುಸ್ತಕದಲ್ಲಿ ಅದು 'ಸರ್ವಾನುಮತ' ಎಂದು ದಾಖಲಾಗುತ್ತದೆ, ಆ ಮಾತು ಬೇರೆ.

ಕೊಂಡೋರ್ಸೆಯೇ ಇನ್ನೊಂದು ತೊಡಕನ್ನೂ ಕಂಡಿದ್ದ. ಒಂದು ಊರಿನ ಸಂಘವು ಉಳಿದ ಹಣದಲ್ಲಿ ಗೋದಾಮು ಕಟ್ಟಬೇಕೋ, ಟ್ರ್ಯಾಕ್ಟರ್ ಕೊಳ್ಳಬೇಕೋ, ಕೆರೆಯ ಹೂಳೆತ್ತಿಸಬೇಕೋ ಎಂದು ಕೂತಿದೆ ಎಂದುಕೊಳ್ಳೋಣ. ಸಮಸಂಖ್ಯೆಯ ಮೂರು ಓಣಿಗಳಲ್ಲಿ ಮೇಲಿನ ಓಣಿಯವರ ಇಷ್ಟದ ಕ್ರಮ ಗೋದಾಮು, ಟ್ರ್ಯಾಕ್ಟರ್, ಕೆರೆ. ನಡುವಿನವರದು ಟ್ರ್ಯಾಕ್ಟರ್, ಕೆರೆ, ಗೋದಾಮು. ಕೆಳಗಿನವರದು ಕೆರೆ, ಗೋದಾಮು, ಟ್ರ್ಯಾಕ್ಟರ್. ಎರಡೆರಡನ್ನೇ ಮತಕ್ಕೆ ಹಾಕಿದರೆ ಗೋದಾಮು ಟ್ರ್ಯಾಕ್ಟರನ್ನು ಸೋಲಿಸುತ್ತದೆ, ಟ್ರ್ಯಾಕ್ಟರ್ ಕೆರೆಯನ್ನು, ಕೆರೆ ಮತ್ತೆ ಗೋದಾಮನ್ನು. ಕೊನೆಗೆ ಗೆಲ್ಲುವುದು ಯಾವುದೆಂಬುದನ್ನು ಯಾವ ಜೋಡಿಯನ್ನು ಮೊದಲು ಮತಕ್ಕಿಡಬೇಕೆಂದು ಹೇಳುವ ಅಧ್ಯಕ್ಷರೇ ನಿರ್ಧರಿಸಿದಂತಾಗುತ್ತದೆ. ಮೂರು ಅಥವಾ ಹೆಚ್ಚು ಆಯ್ಕೆಗಳಿದ್ದಾಗ ಎಲ್ಲರ ಕ್ರಮಗಳನ್ನು ಒಂದಾಗಿಸುವ ಯಾವ ವಿಧಾನವೂ ಕೆಲವು ಸಾಧಾರಣ ನ್ಯಾಯದ ಷರತ್ತುಗಳನ್ನು ಒಟ್ಟಿಗೆ ಪೂರೈಸಲಾರದು ಎಂದು ಅರ್ಥಶಾಸ್ತ್ರಜ್ಞ ಕೆನೆತ್ ಆರೋ 1951ರ ಹೊತ್ತಿಗೆ ಸಾಧಿಸಿ ತೋರಿಸಿದರು.

ನೆರೆಯವನ ನಿದ್ದೆಗೆಟ್ಟ ಲೆಕ್ಕ ಗಣಿತಕ್ಕೆ ಸಿಕ್ಕಿದ್ದು ಕಣಗಿನಹಾಳದ ಸಂಘ ಹುಟ್ಟಿ ನಾಲ್ಕೂವರೆ ದಶಕ ಕಳೆದ ಮೇಲೆ. 1950ರಲ್ಲಿ ಅಮೆರಿಕದಲ್ಲಿ ರೂಪುಗೊಂಡ 'ಕೈದಿಗಳ ಸಂದಿಗ್ಧ' ಎಂಬ ಆಟದಲ್ಲಿ ಇಬ್ಬರೂ ಸಹಕರಿಸಿದರೆ ತಲಾ 3 ಅಂಕ, ಇಬ್ಬರೂ ಕೈಕೊಟ್ಟರೆ ತಲಾ 1, ಒಬ್ಬನೇ ಕೈಕೊಟ್ಟರೆ ಅವನಿಗೆ 5, ನಂಬಿದವನಿಗೆ ಸೊನ್ನೆ ಎಂದಿಟ್ಟುಕೊಳ್ಳಿ. ಒಂದೇ ಸಲ ಆಡುವುದಾದರೆ ಕೈಕೊಡುವುದೇ ಲಾಭ. ಆದರೆ ಒಮ್ಮೆ ಮೋಸವಾದರೆ ಮತ್ತೆಂದೂ ಸಹಕರಿಸೆನೆಂದು ಇಬ್ಬರೂ ಪಟ್ಟು ಹಿಡಿದಿದ್ದು, ಮತ್ತೆ ಎದುರಾಗುವ ಸಂಭವ ಅರ್ಧಕ್ಕಿಂತ ಹೆಚ್ಚಿದ್ದರೆ, ನಂಬಿಗಸ್ತನಾಗಿರುವುದೇ ಲಾಭವಾಗುತ್ತದೆ. ರಾಬರ್ಟ್ ಆಕ್ಸೆಲ್‌ರಾಡ್ 1980ರಲ್ಲಿ ಪ್ರಕಟಿಸಿದ, ಇದೇ ಆಟದ ಎರಡು ಕಂಪ್ಯೂಟರ್ ಪಂದ್ಯಾವಳಿಗಳಲ್ಲಿ ಎರಡು ಸಲವೂ ಗೆದ್ದದ್ದು ಅನಾಟೊಲ್ ರ‍್ಯಾಪೊಪೋರ್ಟ್ ಕಳಿಸಿದ ಸರಳ ತಂತ್ರ: ಮೊದಲು ಸಹಕರಿಸು, ಆಮೇಲೆ ಎದುರಿನವನು ಹಿಂದಿನ ಸಲ ಮಾಡಿದ್ದನ್ನೇ ಮಾಡು. ಒಕ್ಕಣೆಗೆ ಆಳು-ಎತ್ತು ಕೊಟ್ಟು ಮುಯ್ಯಿಗೆ ಮುಯ್ಯಿ ತೀರಿಸಿಕೊಳ್ಳುತ್ತಿದ್ದ ನಮ್ಮ ಎರೆಭೂಮಿಯ ರೈತರಿಗೆ ಇದು ಹೊಸ ಪಾಠವೇನಲ್ಲ.

ಇಬ್ಬರ ಆಟ ಊರಿನ ಆಟವಾದಾಗ ಲೆಕ್ಕ ಬಿಗಿಯಾಗುತ್ತದೆ. ಎಲ್ಲರಿಗೂ ಸೇರಿದ ಹುಲ್ಲುಗಾವಲನ್ನು ಎಲ್ಲರೂ ಮೇಯಿಸಿ ಹಾಳುಮಾಡುತ್ತಾರೆಂದು ಗ್ಯಾರೆಟ್ ಹಾರ್ಡಿನ್ 1968ರಲ್ಲಿ ವಾದಿಸಿದ್ದರು. ಬಳಸುವವರೇ ನಿಯಮ ಮಾಡಿ, ತಾವೇ ಕಾವಲಿದ್ದು, ತಪ್ಪಿಗೆ ಮೊದಲು ಸಣ್ಣ ದಂಡ ಹಾಕುವ ಕಡೆಗಳಲ್ಲಿ ಹಾಗಾಗುವುದಿಲ್ಲವೆಂದು ಎಲಿನಾರ್ ಆಸ್ಟ್ರಂ 1990ರಲ್ಲಿ ಹಲವು ದೇಶಗಳ ಉದಾಹರಣೆಗಳೊಂದಿಗೆ ತೋರಿಸಿದರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ದನ ಇಳಿಯದಂತೆ, ಬಟ್ಟೆ ಒಗೆಯದಂತೆ ಕುಡಿಯುವ ನೀರಿನ ಕೆರೆಯನ್ನು ಕಾಯುವ ಊರುಗಳಿಗೆ ಈ ಮೂರೂ ಅಂಶಗಳು ಪರಿಚಿತವೇ.

ಈಗಿನ ಸೊಸೈಟಿಗಳಲ್ಲಿ ಹೊಣೆಗಾರಿಕೆ ಷೇರಿನ ಮಟ್ಟಿಗೆ ಸೀಮಿತ; ಪಕ್ಕದ ಹೊಲದವನು ಸುಸ್ತಿದಾರನಾದರೆ ನಮ್ಮ ಆಸ್ತಿಗೆ ಕುತ್ತಿಲ್ಲ. ಇದರ ಜೊತೆಗೆ, ಚುನಾವಣೆ ಬಂದಾಗ ಸಾಲ ಮನ್ನಾ ಆಗಬಹುದೆಂಬ ನಿರೀಕ್ಷೆ ಸೇರಿದರೆ ಕಟ್ಟದೆ ಉಳಿದವನ ಅಂಕ ಏರುತ್ತದೆ, ಕಂತು ತಪ್ಪದೆ ಕಟ್ಟಿದವನದು ಸೊನ್ನೆಯತ್ತ ಇಳಿಯುತ್ತದೆ. ಕಟ್ಟಿದವರಿಗೂ ಒಂದಿಷ್ಟು ಪ್ರೋತ್ಸಾಹಧನ ಬೇಕೆಂಬ ಬೇಡಿಕೆ ಪ್ರತಿ ಮನ್ನಾದ ಹಿಂದೆಯೇ ಏಳುವುದು ಅದಕ್ಕಾಗಿ.